ಸಿಂಬಿ ಮತ್ತು ಸೀಸದ ಗುಂಡು

ಬಂದೂಕು ಮೊದಲ ಸಲ ನನ್ನ ಹೆಗಲಿಗೆ ಒದ್ದಾಗ ನಾನು ಬಿದ್ದದ್ದು ತಿಪ್ಪೆಯ ಪಕ್ಕದಲ್ಲಿ. ಮೇಲೆ ಅಲ್ಲ, ಪಕ್ಕದಲ್ಲಿ. ತಿಪ್ಪೆಯ ಮೇಲೆ ಬಿದ್ದಳು ಎಂದು ನಮ್ಮ ಕಾಕಾ ರಾಮದುರ್ಗದವರೆಗೂ ಹೇಳಿಕೊಂಡು ಹೋದ. ಅದಕ್ಕೇ ಈ ಒಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಬಿಡುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ಮನೋಳಿಯ ಹೊರಗೆ, ಮಲಪ್ರಭೆಯ ದಂಡೆಗೆ ನಮ್ಮ ಹೊಲ. ಗೋವಿನಜೋಳ, ಶೇಂಗಾ ಹಾಕುತ್ತಿದ್ದೆವು. ಹೊಳೆಸಾಲಿನ ಜಾಲಿಕಂಟಿಯಲ್ಲಿ ಕಾಡುಹಂದಿಗಳು ಸಂಸಾರ ಹೂಡಿದ್ದವು. ನಾವು ಬಿತ್ತುವುದು, ಅವು ಉಣ್ಣುವುದು. ಪಟಾಕಿಗೆ ಅವು ಒಗ್ಗಿಹೋಗಿ ಬಹಳ ಕಾಲವಾಗಿತ್ತು. ಬೆಳೆ ಕಾಯಲೆಂದೇ ಲೈಸೆನ್ಸು ಪಡೆದ ಬಂದೂಕೊಂದು ಅಪ್ಪನ ಹೆಸರಿನಲ್ಲಿತ್ತು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಮೇಲೆ ಸೀಸದ ಗುಂಡು ಇಳಿಸಿ, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವ ಹಳೆಯ ಕಾಲದ್ದು. ನಳಿಗೆಯೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಒದೆತವೂ ಅದಕ್ಕೆ ತಕ್ಕಂತೆಯೇ ಇತ್ತು.

ಚಕ್ಕಡಿಯಿಂದ ಬಿದ್ದು ಅಪ್ಪನ ಬಲಹೆಗಲು ಮುರಿದ ಮೇಲೆ ಬಂದೂಕು ಗೂಟಕ್ಕೆ ಜೋತುಬಿತ್ತು. ಅಕ್ಕನ ಮದುವೆಯಾಗಿತ್ತು, ಅಣ್ಣತಮ್ಮಂದಿರು ಇರಲಿಲ್ಲ. ಬೈಲಹೊಂಗಲದಲ್ಲಿ ಬಿ.ಎ. ಮುಗಿಸಿ ಬಂದ ನಾನೇ ಹೊಲ ನೋಡಿಕೊಳ್ಳುತ್ತಿದ್ದೆ. ಬಿತ್ತನೆಗೆ ಯಾವ ಬೀಜ, ಕಳೆಗೆ ಎಷ್ಟು ಆಳು, ಬೈಲಹೊಂಗಲದ ಪ್ಯಾಟಿಗೆ ಯಾವಾಗ ಮಾಲು ಹಾಕಬೇಕು, ಎಲ್ಲ ನನ್ನದೇ. ಆ ಕೆಲಸ ನನಗೆ ಜೀವದಷ್ಟು ಇಷ್ಟವಿತ್ತು. ಅಷ್ಟರಲ್ಲಿ ಲೈಸೆನ್ಸನ್ನು ವಾರಸುದಾರರ ಹೆಸರಿಗೆ ಮಾಡಿಸುವ ಹೊತ್ತು ಬಂತು. ರಾಮದುರ್ಗದಲ್ಲಿರುವ ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಮುಂದಿನ ಬಸ್ಸಿಗೇ ಬಂದಿಳಿದ.

"ಬಂದೂಕ ನನ್ನ ಹೆಸರಿಗೆ ಮಾಡಣ್ಣಾ. ಹಂದಿ ಕಾಯಾಕ ಗಂಡಾಳ ಬೇಕಲ್ಲಾ, ಹೊಲಾನೂ ನಾನ ಮಾಡತೇನಿ. ಹುಡುಗಿ ಹೆಗಲಿಗೆ ಇದು ಒಗ್ಗೂದಿಲ್ಲ."

ಮಾತು ಮೆತ್ತಗಿತ್ತು. ಅರ್ಥ ಮಾತ್ರ ನನಗೆ ಚೆನ್ನಾಗಿಯೇ ಆಯಿತು. ಬಂದೂಕು ರಾಮದುರ್ಗದ ಬಸ್ಸು ಹತ್ತಿದರೆ ಹೊಲವೂ ಅದರ ಹಿಂದೆಯೇ ಹತ್ತುತ್ತದೆ, ನಾನು ಅಡುಗೆಮನೆಗೆ ಇಳಿಯುತ್ತೇನೆ. ನನಗೆ ಮೈಯೆಲ್ಲ ಉರಿಯಿತು. "ನಾ ಹೊಡೀತೇನಿ" ಎಂದು ಗೂಟದಿಂದ ಬಂದೂಕು ಇಳಿಸಿ, ಮದ್ದು ತುಂಬಿ ಹೊಡೆದೆ. ತಿಪ್ಪೆಯ ಪಕ್ಕ ಬಿದ್ದದ್ದು ಆಗಲೇ.

ಕಾಕಾ ನಕ್ಕ. ಅಪ್ಪ ನಗಲಿಲ್ಲ. ನನ್ನನ್ನು ಎಬ್ಬಿಸಿ, ಧೂಳು ಕೊಡವಿ, ತಮ್ಮನಿಗೆ ಹೇಳಿದ: "ಕಾರಹುಣ್ಣಿವಿ ಆದ ಮ್ಯಾಲಿನ ಸೋಮವಾರ ಬಾ. ಆಕಿ ನಿಂತು, ಗುರಿ ಇಟ್ಟು ಹೊಡದ್ರ ಆಕಿ ಹೆಸರು. ಇಲ್ಲಂದ್ರ ನಿನ್ನ ಹೆಸರು."

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಊರಿಗೆ ಊರೇ ಬಿಡುವಾಗಿರುತ್ತದೆ. ಸೋತರೂ ಗೆದ್ದರೂ ನೋಡುವವರಿಗೆ ಬರವಿರಲಿಲ್ಲ.

ಮೊದಲ ಸಮಸ್ಯೆ ಗುಂಡಿನದು. ಗುಂಡು ಎರಕ ಹೊಯ್ಯುವ ನಮ್ಮ ಹಳೆಯ ಅಚ್ಚು ಸವೆದು, ಅದರ ಎರಡು ಹೋಳುಗಳು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಗುಂಡಿಗೆ ನಡುವೆ ಒಂದು ಅಂಚು ಬರುತ್ತಿತ್ತು. ಅಂಥ ಗುಂಡು ಹೊರಟ ಮೇಲೆ ತನಗೆ ತಿಳಿದ ಕಡೆ ಹೋಗುತ್ತದೆ. ಕಿತ್ತೂರಿನಲ್ಲಿ ಅಕ್ಕಸಾಲಿ ಕೆಲಸದ ಒಬ್ಬ ಮುದುಕ ಪತ್ತಾರರ ಹತ್ತಿರ ಹಿತ್ತಾಳೆಯ ಹಳೆಯ ಅಚ್ಚುಗಳು ಟ್ರಂಕು ತುಂಬ ಇವೆ ಎಂದು ಅಪ್ಪನಿಗೆ ಗೊತ್ತಿತ್ತು. ಆದರೆ ಅಳತೆ ಬೇಕಲ್ಲ. ಬಂದೂಕನ್ನೇ ಎತ್ತಿಕೊಂಡು ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟಿಗೆ ಯಾರೂ ಬರುವುದಿಲ್ಲ.

ಅಪ್ಪ ತಾನೇ ಉಪಾಯ ಹೂಡಿದ. ಅವ್ವ ರೊಟ್ಟಿಗೆ ನಾದಿಟ್ಟ ಜೋಳದ ಹಿಟ್ಟಿನಲ್ಲಿ ಒಂದು ಉಂಡೆ ಹರಿದು, ನಳಿಗೆಯ ಬಾಯಿಗೆ ಒತ್ತಿ, ತಿರುವಿ ಹೊರತೆಗೆದ. ಅಚ್ಚುಕಟ್ಟಾದ ಬಿರಡೆ. "ನೋಡು, ಇದಕ್ಕ ತೆಲಿ ಅಂತಾರ" ಎಂದು ನನ್ನ ಕಡೆ ನೋಡಿದ. ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಬಿರಡೆಯನ್ನು ಕಾಗದದಲ್ಲಿ ಸುತ್ತಿ ಆಗಲೇ ಚಪ್ಪಲಿ ಮೆಟ್ಟಿದ್ದ.

ಸವದತ್ತಿ, ಬೈಲಹೊಂಗಲ, ಕಿತ್ತೂರು. ಬಸ್ಸು ಬದಲಿಸುತ್ತ, ಬೇಸಿಗೆಯ ಬಿಸಿಲಿನಲ್ಲಿ ಬೇಯುತ್ತ ಹೋದೆವು. ಪತ್ತಾರ ಅಜ್ಜ ಟ್ರಂಕು ತೆರೆದು, ನಮ್ಮ ಬಿರಡೆಯನ್ನು ಒಂದೊಂದು ಅಚ್ಚಿನ ಕುಳಿಗೂ ಇಟ್ಟು ನೋಡಿ, ಒಂದನ್ನು ಆರಿಸಿ ಕೊಟ್ಟರು. ಸಂಭ್ರಮದಿಂದ ಮನೆಗೆ ಬಂದು, ಹಿತ್ತಲ ಒಲೆಯ ಮೇಲೆ ಸೀಸ ಕರಗಿಸಿ ಹೊಯ್ದೆವು. ಗುಂಡುಗಳು ದ್ರಾಕ್ಷಿಯಷ್ಟು ನುಣುಪಾಗಿ ಬಂದವು. ನಳಿಗೆಗೆ ಬಿಟ್ಟರೆ ಗಡಗಡ ಉರುಳಿ ತಳ ಸೇರಿದವು. ಬಂದೂಕು ಬಗ್ಗಿಸಿದರೆ ಅಷ್ಟೇ ಸಲೀಸಾಗಿ ಹೊರಗೆ ಬಿದ್ದವು.

ಅಪ್ಪ ಮೊದಲು ಸೀಸವನ್ನು ಬೈದ, ಆಮೇಲೆ ಪತ್ತಾರರನ್ನು. ನಾನು ಆ ಬಿರಡೆಯನ್ನೇ ತಂದು ನಳಿಗೆಯ ಬಾಯಿಗೆ ಇಟ್ಟೆ. ಹೋಗುವಾಗ ಗಟ್ಟಿಯಾಗಿ ಕೂತಿದ್ದು ಈಗ ಅಲುಗಾಡುತ್ತಿತ್ತು. ಸುತ್ತಲೂ ಸಂದು ಬಿಟ್ಟಿತ್ತು.

"ಹಸಿ ಹಿಟ್ಟ ಬಿಸಲಾಗ ಒಣಗಿದ್ರ ಕುಗ್ಗೂದಿಲ್ಲೇನು?" ಎಂದಳು ಅವ್ವ, ಒಲೆಯ ಮುಂದಿನಿಂದ ಏಳದೆ. "ದಿನಾ ಕಟಕ ರೊಟ್ಟಿ ತಿಂತೀರಿ. ಹಸೀದು ಎಷ್ಟಿರತೈತಿ, ಒಣಗಿದ್ದು ಎಷ್ಟಿರತೈತಿ, ನೋಡೇ ಇಲ್ಲೇನು?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆದರೆ ಸೋಮವಾರ ಹತ್ತಿರ ಬರುತ್ತಿತ್ತು, ನನ್ನ ನಗು ಬೇಗ ಮುಗಿಯಿತು.

ಎರಡನೆಯ ಸಲ ಕಿತ್ತೂರಿಗೆ ನಾನೊಬ್ಬಳೇ ಹೋದೆ. ಈ ಸಲದ ಬಿರಡೆ ಜೇನುಮೇಣದ್ದು. ಬಿಸಿಲಿಗೆ ಮೆತ್ತಗಾಗದಂತೆ ಒದ್ದೆ ಬಟ್ಟೆ ಸುತ್ತಿ ಊಟದ ಡಬ್ಬಿಯಲ್ಲಿಟ್ಟಿದ್ದೆ. ಪತ್ತಾರ ಅಜ್ಜ ಅದನ್ನು ತಿರುವಿ ತಿರುವಿ ನೋಡಿದರು.

"ಹ್ವಾದ ಸಲ ಸಣ್ಣದ ಒಯ್ದಿ. ಈಗ ದೊಡ್ಡದ ಬೇಕಂತಿ. ನಿಮ್ಮ ಬಂದೂಕ ಬೆಳ್ಯಾಕ ಹತ್ತೈತೇನ ತಂಗಿ?"

"ಬಂದೂಕ ಬೆಳದಿಲ್ಲರಿ ಅಜ್ಜಾ, ನಮ್ಮಪ್ಪನ ಹಿಟ್ಟ ಕುಗ್ಗಿತ್ತರಿ."

ಅವರು ಎರಡು ಅಚ್ಚು ಮುಂದಿಟ್ಟರು. ಒಂದರ ಕುಳಿಯಲ್ಲಿ ಮೇಣ ಬಿಗಿಯಾಗಿ ಕೂತಿತು. ಇನ್ನೊಂದು ಕೂದಲೆಳೆಯಷ್ಟು ಸಣ್ಣದು. ಬಿಗಿಯಾದದ್ದಕ್ಕೆ ಕೈ ಚಾಚಿದವಳು ಹಿಂದೆ ತೆಗೆದೆ. ಗುಂಡನ್ನು ನಾವು ಬರಿದೇ ಇಳಿಸುವುದಿಲ್ಲ, ಹಳೇ ಧೋತರದ ಚಿಂದಿ ಸುತ್ತಿ ಇಳಿಸುತ್ತೇವೆ. ಚಿಂದಿಗೂ ಜಾಗ ಬೇಕು. ಸಣ್ಣದನ್ನೇ ಆರಿಸಿದೆ. ಮನೆಗೆ ಬಂದು ಎರಕ ಹೊಯ್ದು, ಚಿಂದಿ ಸುತ್ತಿ ಕೋಲಿನಿಂದ ಒತ್ತಿದಾಗ ಗುಂಡು ಮೆಲ್ಲಗೆ, ಬಿಗುವಾಗಿ ಇಳಿಯಿತು. ಆ ಬಿಗುವು ಅಂಗೈಗೆ ತಾಗಿದಾಗ ಆದ ಸುಖವನ್ನು ನಾನು ಈಗಲೂ ಮರೆತಿಲ್ಲ.

ಉಳಿದದ್ದು ಒದೆತ. ಸವದತ್ತಿಯಲ್ಲಿ ಚರ್ಮದೊಳಗೆ ತೆಂಗಿನ ನಾರು ತುಂಬಿ ಒಂದು ಮೆತ್ತೆ ಹೊಲಿಸಿ ತಂದೆ. ಅದು ಬಂದೂಕಿಗಿಂತ ಗಟ್ಟಿಯಾಗಿತ್ತು. ಟ್ರ್ಯಾಕ್ಟರ್ ಟಾಯರಿನ ತುಂಡು ಕಟ್ಟಿ ನೋಡಿದೆ. ರಬ್ಬರು ಒದೆತವನ್ನು ನುಂಗುವ ಬದಲು ಬಂದೂಕನ್ನೇ ಚಿಮ್ಮಿಸಿ ಗುರಿ ಕೆಡಿಸಿತು. ತಲೆದಿಂಬು ಇಟ್ಟರೆ ಹಿಡಿಕೆ ಅದರ ಮೇಲೆ ನಿಲ್ಲದೆ ಕಂಕುಳಿಗೆ ಜಾರುತ್ತಿತ್ತು. ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅವ್ವ ದಿನಾ ರಾತ್ರಿ ಅರಿಸಿನ ಬಿಸಿ ಮಾಡಿ ಹಚ್ಚುತ್ತಿದ್ದಳು.

ಒಂದು ಮುಂಜಾನೆ ಹೊಳೆಯಿಂದ ನೀರು ಹೊತ್ತು ಬರುವಾಗ ಅವ್ವ ಮುಂದೆ, ನಾನು ಹಿಂದೆ. ಅವಳ ತಲೆಯ ಮೇಲೆ ತುಂಬಿದ ಕೊಡ, ಕೊಡದ ಕೆಳಗೆ ಸಿಂಬಿ. ಹಳೇ ಸೀರೆಯನ್ನು ಹುರಿಮಾಡಿ ಬಳೆಯಂತೆ ಸುತ್ತಿದ ಆ ಸಿಂಬಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ದಂಡೆಯ ಏರು ಹತ್ತುವಾಗ ಅವ್ವ ಎಡವಿದಳು. ಕೊಡ ಜಗ್ಗಿತು, ಜಾರಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಭಾರ ತಡೆಯಬೇಕು, ಜಾರಲೂ ಬಾರದು. ನನಗೆ ಬೇಕಾದದ್ದು ಇದೇ.

"ಅವ್ವಾ, ನಿನ್ನ ಸಿಂಬಿ ಕೊಡು" ಎಂದೆ.

"ಮನೀಗೆ ಹೋಗೂತನಕಾನರ ತಡಿ" ಎಂದಳು.

ಮನೆಗೆ ಬಂದ ಮೇಲೆ ವಿಷಯ ಕೇಳಿ, ಅವ್ವ ಅದನ್ನು ಬಿಚ್ಚಿ ನನ್ನ ಹೆಗಲಿನ ತಗ್ಗಿಗೆ ಹೊಂದುವಂತೆ ಇನ್ನಷ್ಟು ಬಿಗಿಯಾಗಿ ಸುತ್ತಿದಳು. ಕೌದಿ ಹೊಲಿಯುವ ದಾರದಿಂದ ಹೊಲಿದು, ತೋಳಿಗೆ ಕಟ್ಟಿಕೊಳ್ಳಲು ಎರಡು ಲಾಡಿ ಹಚ್ಚಿದಳು. ಬಂದೂಕಿನ ಹಿಡಿಕೆ ಸಿಂಬಿಯ ನಡುವಿನ ಕುಳಿಯಲ್ಲಿ ಹೋಗಿ ಕೂತಿತು. ಹೊಡೆದೆ. ಒದೆತ ಬಂತು. ಆದರೆ ಹೆಗಲ ತುಂಬ ಹರಡಿಕೊಂಡು ಬಂತು, ನನ್ನ ಕಾಲು ನೆಲ ಬಿಡಲಿಲ್ಲ.

ಸೋಮವಾರ ಕಾಕಾ ಬಂದ. ಹೊಲದ ಒಡ್ಡಿನ ಹತ್ತಿರ ಊರಿನವರು ನೆರೆದಿದ್ದರು. ಗುರಿಗೆ ಒಂದು ಹಳೇ ಗಡಿಗೆ ಇಡೋಣ ಎಂದ ಅಪ್ಪ. ಗಡಿಗೆ ಒಡೆದರೂ ಕಲ್ಲು ಸಿಡಿದು ಒಡೆಯಿತು ಎನ್ನುವವರು ಇರುತ್ತಾರೆ ಎಂದ ಕಾಕಾ, ಯಾರು ಎನ್ನುತ್ತಾರೆ ಎಂದು ಮಾತ್ರ ಹೇಳಲಿಲ್ಲ. ಅವ್ವ ಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಇತ್ತು. ಮನೆಯಲ್ಲಿ ಇದ್ದದ್ದು ಅದೊಂದೇ.

"ಇದನ್ನ ಇಡ್ರಿ. ಬಡದ್ರ ಎಲ್ಲಾರಿಗೂ ಕೇಳತೈತಿ."

ಹಂಚನ್ನು ಮಣ್ಣಿನ ಒಡ್ಡಿಗೆ ಆನಿಸಿ ನಿಲ್ಲಿಸಿದರು. ನಾನು ಸಿಂಬಿ ಕಟ್ಟಿಕೊಂಡೆ. ಕಾಕಾನ ಕಣ್ಣು ಅದರ ಮೇಲೆ ಬಿತ್ತು.

"ಏನವಾ, ನೀರಿಗೆ ಹೊಂಟಿಯೇನು?" ಎಂದ. ಎಲ್ಲರೂ ನಕ್ಕರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ನುಂಗಿದೆ. ಬಾಯಿ ಕುದುರೆಯಂತೆ ಓಡಿದರೆ ಕೈ ನಡುಗುತ್ತದೆ ಎಂದು ಅಷ್ಟು ದಿನಗಳಲ್ಲಿ ಕಲಿತಿದ್ದೆ. ಕೆನ್ನೆಯನ್ನು ಬಂದೂಕಿನ ಮರದ ಹಿಡಿಕೆಗೆ ಒತ್ತಿ ಹಂಚನ್ನೇ ನೋಡಿದೆ. ಹಂಚಿನ ಆಚೆ ನನ್ನ ಹೊಲವಿತ್ತು.

ಮೊದಲು ಢಂ ಎಂದಿತು, ಬೆನ್ನಿಗೇ ಠಣ್ ಎಂದಿತು. ಹೊಗೆ ಕರಗುವ ಮೊದಲೇ ಅಪ್ಪ ಎಡಗೈಯಿಂದ ತನ್ನ ಟೋಪಿ ಮೇಲಕ್ಕೆ ಎಸೆದಿದ್ದ. ನಾನು ನಿಂತಲ್ಲೇ ನಿಂತಿದ್ದೆ. ಹಂಚು ಅಂಗಾತ ಬಿದ್ದಿತ್ತು.

"ನೀರಿಗೆ ಹೋಗಿ ಬಂದೆ ಕಾಕಾ" ಎಂದೆ.

ಕಾಕಾ ಹೋಗಿ ಹಂಚನ್ನು ಎತ್ತಿ ನೋಡಿದ. ನಟ್ಟನಡುವೆ ಅಲ್ಲ, ಸ್ವಲ್ಪ ಬಲಕ್ಕೆ, ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಅವನು ಅದರಲ್ಲಿ ಬೆರಳಿಟ್ಟು ನೋಡಿ, ಅವ್ವನ ಕೈಗೆ ಕೊಟ್ಟ. ಅವ್ವ ಸೆರಗಿನಿಂದ ಒರೆಸಿಕೊಂಡು ನೇರ ಅಡುಗೆಮನೆಗೆ ನಡೆದಳು. ನೆಂಟ ಬಂದಿದ್ದ, ಊಟದ ಹೊತ್ತಾಗಿತ್ತು.

ಊಟಕ್ಕೆ ಕೂತಾಗ ಕಾಕಾನ ತಾಟಿಗೆ ಮೊದಲ ರೊಟ್ಟಿ ಬಿತ್ತು. ಅದರ ಬಲಬದಿಗೆ ಹೆಬ್ಬೆರಳಿನಷ್ಟು ಉಬ್ಬಿದ ಸಣ್ಣದೊಂದು ಗುಬ್ಬಿ ಎದ್ದಿತ್ತು. ಕಾಕಾ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನು ಆ ಗುಬ್ಬಿಯನ್ನೇ ಮೊದಲು ಮುರಿದು, ಶೇಂಗಾ ಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡ.

"ಇನ್ನೊಂದ ಹಾಕ್ರಿ ವೈನಿ" ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಅರ್ಜಿಗೆ ಆಕಿ ಹೆಸರ ಬರಿ" ಎಂದ.

ಹೊಲ ಈಗಲೂ ನಾನೇ ಮಾಡುತ್ತೇನೆ. ಹಂದಿಗಳಿಗೆ ನನ್ನ ಗುಂಡು ತಾಗಿದ್ದಕ್ಕಿಂತ ಸದ್ದು ತಾಗಿದ್ದೇ ಹೆಚ್ಚು, ಅಷ್ಟರಿಂದಲೇ ಬೆಳೆ ಉಳಿದಿದೆ. ಸವದತ್ತಿಯ ಸಂತೆಯಲ್ಲಿ ಹೊಸ ಹಂಚು ತರೋಣವೆಂದು ನಾನು ಎಷ್ಟೋ ಸಲ ಹೇಳಿದೆ. ಅವ್ವ ಒಪ್ಪಲಿಲ್ಲ. ಕಾಕಾ ಬಂದಾಗಲೆಲ್ಲ ಗುಬ್ಬಿ ಚೆನ್ನಾಗಿ ಎದ್ದ ರೊಟ್ಟಿಯನ್ನು ಆರಿಸಿ ಅವನ ತಾಟಿಗೇ ಹಾಕುತ್ತಿದ್ದಳು.