ಜಯದೇವಿ ಬೇಡ ಅಂದ ಡಬ್ಬ

ತ್ಯಾಗರಾಜನಗರದ ಕಾತ್ಯಾಯಿನಿ ಅವರ ಮನೆಯಲ್ಲಿ ಆರು ದಿನದಿಂದ ಇಂಟರ್ನೆಟ್ ಇಲ್ಲ. ಐದು ಸಲ ದೂರು ಕೊಟ್ಟಿದ್ದಾರೆ. ಐದು ಸಲವೂ ಕಂಪನಿ ಯಾರನ್ನೂ ಕಳಿಸದೆ ‘ನಿಮ್ಮ ದೂರು ಬಗೆಹರಿದಿದೆ’ ಎಂದು ಮೆಸೇಜ್ ಹಾಕಿದೆ. ಆರನೆಯ ಸಲ ಫೋನ್ ಎತ್ತಿದವರು ಕಾರಣ ಹೇಳಿದ್ದಾರೆ: ಮನೆಯಲ್ಲಿರುವುದು ಕಂಪನಿ ಕೊಟ್ಟ ಇಂಟರ್ನೆಟ್ ಡಬ್ಬವಲ್ಲ, ನೀವೇ ಕೊಂಡದ್ದು, ಅದನ್ನು ಕೂರಿಸಿದ ಹೆಂಗಸು ಲೈನ್ ಕೆಡಿಸಿದ್ದಾಳೆ.

ಆ ಹೆಂಗಸು ಈಗ, ಬೆಳಿಗ್ಗೆ ಆರೂಕಾಲಿಗೆ, ಅದೇ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದಾರೆ. ಹೆಸರು ಜಯದೇವಿ, ವಯಸ್ಸು ನಲವತ್ಮೂರು. ಸ್ಕೂಟರಿನ ಪಕ್ಕಕ್ಕೆ ಮಡಚುವ ಏಣಿ ಕಟ್ಟಿದ್ದಾರೆ. ಬಾಗಿಲು ತೆರೆದ ಕಾತ್ಯಾಯಿನಿ ನಿವೃತ್ತ ಗಣಿತದ ಟೀಚರ್. ಎಸ್ಸೆಸ್ಸೆಲ್ಸಿ ಫೇಲಾಗಿ ಮತ್ತೆ ಕಟ್ಟಿದವರಿಗೆ ದಿನಾ ಏಳು ಗಂಟೆಗೆ ಆನ್‌ಲೈನಿನಲ್ಲಿ ಪಾಠ ಹೇಳುತ್ತಾರೆ. ಇವತ್ತು ‘ಬಾಮ್ಮ’ ಎನ್ನುವುದಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ, ಅಷ್ಟೇ.

ದೇವರ ಮನೆಯ ಪಕ್ಕದ ಗೋಡೆಯಲ್ಲಿ ಚಿಕ್ಕ ಡಬ್ಬ ಕೆಂಪಗೆ ಮಿಣಮಿಣ ಅನ್ನುತ್ತಿದೆ. ಕೆಂಪು ಅಂದರೆ ಇಂಟರ್ನೆಟ್ ಹೊತ್ತು ಬೀದಿಯಿಂದ ವೈರಿನಲ್ಲಿ ಬರುವ ಬೆಳಕು ಒಳಗೆ ತಲುಪುತ್ತಿಲ್ಲ. ಜಯದೇವಿ ಹಸಿರು ತುದಿಯ ವೈರ್ ಕಿತ್ತು, ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಾರೆ. ಇನ್ನೊಮ್ಮೆ ನೋಡುತ್ತಾರೆ. ಭುಜ ಕುಣಿಯುತ್ತದೆ. ನಗುತ್ತಿದ್ದಾರೆ.

“ಟೀಚರೇ, ಶುಕ್ರವಾರ ಡಬ್ಬಕ್ಕೆ ಪೂಜೆ ಮಾಡಿದ್ರಾ?”

“ಮಾಡ್ದೆ ಇರ್ತೀನಾ? ಹೊಸ ವಸ್ತು ಮನೆಗೆ ಬಂದಿದೆ.”

“ಡಬ್ಬಕ್ಕೆ ಕುಂಕುಮ ಇಟ್ರಿ, ಸರಿ. ವೈರಿನ ಬಾಯಿಗೂ ಇಟ್ರಾ?”

ಕಾತ್ಯಾಯಿನಿ ಹತ್ತಿರ ಬಂದು ವೈರಿನ ತುದಿ ನೋಡುತ್ತಾರೆ. “ಬಿಚ್ಚಿ ಒರೆಸಿದೆ. ತುದೀಲಿ ಬೆಳ್ಳಗೆ ಏನೋ ಹೊಳೀತಿತ್ತು. ಒಳ್ಳೇದಾಗ್ಲಿ ಅಂತ ಅರಿಶಿನ ಕುಂಕುಮ ಒಂದೊಂದು ಚಿಟಿಕೆ...”

“ಅಲ್ಲಿ ಬೆಳಕು ಬರೋ ದಾರಿ ಕೂದಲಿಗಿಂತ ಸಣ್ಣ. ನೀವು ಅದಕ್ಕೆ ಗೌರಿ ಅಲಂಕಾರ ಮಾಡಿದೀರ!”

ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ತುದಿ ಒರೆಸಿ, ಒಣಗಿಸಿ, ಮತ್ತೆ ಸಿಕ್ಕಿಸುತ್ತಾರೆ. ಕೆಂಪು ಹೋಗಿ ಹಸಿರು ನಿಲ್ಲುತ್ತದೆ. ನಾಲ್ಕು ನಿಮಿಷದ ಕೆಲಸ. ಈ ನಾಲ್ಕು ನಿಮಿಷಕ್ಕೆ ಆರು ದಿನದಲ್ಲಿ ಒಬ್ಬ ಮನುಷ್ಯನನ್ನು ಕಳಿಸಲಾಗದ ಕಂಪನಿಗೆ, ಇಲ್ಲದ ತಪ್ಪು ಹೊರಿಸಲು ಮಾತ್ರ ಒಂದು ಫೋನ್ ಕರೆ ಸಾಕಾಯಿತು.

“ನಾನೂ ನಿಮ್ಮನ್ನೇ ಬೈಕೊಂಡು ಕೂತಿದ್ದೆ ಕಣಮ್ಮ,” ಕಾತ್ಯಾಯಿನಿ ಕಾಫಿ ಲೋಟ ಮುಂದಿಡುತ್ತಾರೆ. ಜಯದೇವಿ ಲೋಟ ಎತ್ತಿಕೊಂಡು, “ಬಿಡಿ ಟೀಚರೇ, ಅವರು ಅಷ್ಟು ಚೆನ್ನಾಗಿ ಹೇಳ್ತಾರೆ, ಒಂದೊಂದ್ಸಲ ನನಗೇ ಅನುಮಾನ ಬರತ್ತೆ,” ಅನ್ನುತ್ತಾರೆ.

ಜಯದೇವಿಯ ಕಸುಬು ಏನೆಂದು ಎರಡು ಮಾತಲ್ಲಿ ಹೇಳಬಹುದು. ಇಂಟರ್ನೆಟ್ ಕಂಪನಿ ಮನೆಗೊಂದು ಡಬ್ಬ ಕೊಡುತ್ತದೆ, ತಿಂಗಳು ತಿಂಗಳು ಬಾಡಿಗೆ ಹಾಕುತ್ತದೆ. ಬೀದಿಯ ಬೆಳಕನ್ನು ಒಳಗೆ ತರುವುದು, ಅದನ್ನು ವೈಫೈ ಮಾಡಿ ಮನೆಗೆಲ್ಲ ಹಂಚುವುದು, ಎರಡೂ ಕೆಲಸ ಆ ಒಂದೇ ಡಬ್ಬದ್ದು. ಅದರ ಒಳಗಿನ ಬೀಗದ ಕೈ ಮಾತ್ರ ಕಂಪನಿಯ ಬಳಿ. ಪಾಸ್‌ವರ್ಡ್ ಬದಲಿಸಬೇಕೇ, ಫೋನ್ ಮಾಡಿ ಕಾಯಿರಿ. ಒಳಕೋಣೆಗೆ ಸಿಗ್ನಲ್ ಬರುತ್ತಿಲ್ಲವೇ, ಹಾಲಿಗೆ ಬಂದು ಕೂರಿ. ಜಯದೇವಿ ಆ ಡಬ್ಬ ತೆಗೆಸಿ, ಮನೆಯವರೇ ಕೊಂಡ ಎರಡು ಡಬ್ಬ ಕೂರಿಸುತ್ತಾರೆ. ಒಂದು ಬೆಳಕಿಗೆ, ಒಂದು ವೈಫೈಗೆ. ಬೀಗದ ಕೈ ಮನೆಯವರ ಕೈಗೆ.

“ನಿಮ್ಮ ಮನೆ ಬಾಗಿಲಿಗೆ ಬೀಗ ಹಾಕೋನು ರೋಡಲ್ಲಿ ನಿಂತಿದಾನೆ ಅಂದ್ರೆ ಸುಮ್ನಿರ್ತೀರಾ? ಇದಕ್ಕೆ ಯಾಕೆ ಸುಮ್ನಿರ್ತೀರಾ?” ಎಂದು ಕೇಳುತ್ತಾರೆ. ಗ್ರಾಹಕರು ತಮ್ಮದೇ ಡಬ್ಬ ಇಟ್ಟುಕೊಳ್ಳಬಹುದು ಎಂದು ಕಂಪನಿಯದೇ ಅರ್ಜಿಯ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹದಿನಾಲ್ಕನೇ ಕಲಮಿನಲ್ಲಿ ಅಚ್ಚಾಗಿದೆ. ಆ ಕಲಮು ಇವರಿಗೆ ಬಾಯಿಪಾಠ. ಹೊಸ ಡಬ್ಬದ ನಂಬರನ್ನು ಲೆಕ್ಕಕ್ಕೆ ಹಾಕಿಕೊಳ್ಳಿ ಎಂದು ಕಂಪನಿಗೆ ಫೋನ್ ಮಾಡಿ, ಅವರು ಬೇಡವೆಂದಾಗ ಕಲಮು ಓದಿ ಹೇಳಿ, ಮತ್ತೆ ಮೇಲಿನವರನ್ನು ಕೇಳಿ, ಒಂದೊಂದು ಮನೆಗೆ ಒಂದು ತಾಸು ಬರೀ ಫೋನಿನಲ್ಲೇ ಹೋಗುತ್ತದೆ. ತಿರುಪು ತಿರುಗಿಸುವುದು ಹತ್ತು ನಿಮಿಷ.

ಇವರದೊಂದು ಕಟ್ಟಳೆಯಿದೆ. ಕಂಪನಿಯ ಡಬ್ಬದ ವೈರನ್ನು ತಾವು ಕೀಳುವುದಿಲ್ಲ, ಮನೆಯವರ ಕೈಯಲ್ಲೇ ಕೀಳಿಸುತ್ತಾರೆ. ಹಳೇ ಡಬ್ಬ ಮುಟ್ಟುವುದಿಲ್ಲ. ಮನೆಯವರೇ ಅದನ್ನು ಆಫೀಸಿಗೆ ಒಯ್ದು ಮೊಹರು ಬಿದ್ದ ರಸೀದಿ ತರಬೇಕು. ಶುರುವಿನಲ್ಲಿ ಹೀಗಿರಲಿಲ್ಲ. ಜೆ.ಪಿ. ನಗರದ ವಯಸ್ಸಾದವರಿಗೆ ಸಹಾಯವಾಗಲಿ ಎಂದು ಮೂರು ಡಬ್ಬ ತಾವೇ ಹೊತ್ತುಕೊಂಡು ಹೋಗಿ ವಾಪಸ್ ಕೊಡಲು ನಿಂತರು. ಕೌಂಟರಿನಲ್ಲಿ ಕಳ್ಳಿ ಅಂದರು. ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದರು.

“ಅವತ್ತಿಂದ ಒಂದೇ ಮಾತು. ನಿಮ್ಮನೆ, ನಿಮ್ಮ ಕೈ. ಕಿತ್ತ ಮೇಲೆ ಜನ ಹೆಂಗೆ ನಗ್ತಾರೆ ಗೊತ್ತಾ? ಹಲ್ಲು ಕಿತ್ತಂಗೆ!”

ಈ ಡಬ್ಬಗಳ ಹೊಟ್ಟೆಯ ಬಗ್ಗೆ ಇವರಿಗೆ ಇಷ್ಟು ಗೊತ್ತಾಗಿದ್ದು ಬೊಮ್ಮನಹಳ್ಳಿಯಲ್ಲಿ. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದವರನ್ನು ಬೆರಳು ಸೂಕ್ಷ್ಮವಾಗಿದೆ ಎಂದು ಇದೇ ಕಂಪನಿ ತನ್ನ ರಿಪೇರಿ ಶೆಡ್ಡಿಗೆ ತೆಗೆದುಕೊಂಡಿತ್ತು. ಒಂಬತ್ತು ವರ್ಷ. ಊರೆಲ್ಲ ತಿರುಗಿ ವಾಪಸ್ ಬಂದ ಡಬ್ಬಗಳು ದಿನಕ್ಕೆ ತೊಂಬತ್ತು ಇವರ ಮೇಜಿಗೆ ಬರುತ್ತಿದ್ದವು. ಸ್ಪಿರಿಟ್‌ನಲ್ಲಿ ಒರೆಸಿ, ಪರೀಕ್ಷೆ ಮಾಡಿ, ಚೆನ್ನಾಗಿದ್ದರೆ ಹೊಸ ಚೀಟಿ ಅಂಟಿಸಿ ಮತ್ತೆ ಮನೆಗಳಿಗೆ ಕಳಿಸುವುದು. ಮುಟ್ಟಿದರೆ ಸುಡುವಷ್ಟು ಕಾಯುವ ಡಬ್ಬಗಳನ್ನು ಇವರು ಪಕ್ಕಕ್ಕಿಡುತ್ತಿದ್ದರು. ಪೆನ್ನಿನ ಗುರುತು ಸ್ಪಿರಿಟ್ಟಿಗೆ ಹೋಗಿಬಿಡುತ್ತದೆಂದು ಕೆಂಪು ನೇಲ್ ಪಾಲಿಶ್‌ನಲ್ಲಿ, ಬೆನ್ನಿನ ಮೂರನೇ ತಿರುಪಿನ ಪಕ್ಕ, ಒಂದು ಅಡ್ಡಗೀಟು ಎಳೆಯುತ್ತಿದ್ದರು. ಇದು ಯಾರ ಮನೆಗೂ ಬೇಡ ಎಂದರ್ಥ.

ನಾಲ್ಕು ವರ್ಷದ ಹಿಂದೆ ಒಂದು ದಿನ ಮ್ಯಾನೇಜರ್ ಬೈಲಪ್ಪ ಬಂದು, ಗೀಟಿನ ಮೇಲೇ ಹೊಸ ಚೀಟಿ ಅಂಟಿಸು ಅಂದರು. ಜಯದೇವಿ ಅಂಟಿಸಲಿಲ್ಲ. ಮರುದಿನ ಗೇಟಿನಲ್ಲಿ ಗುರುತಿನ ಕಾರ್ಡ್ ಕಿತ್ತುಕೊಂಡು ಮನೆಗೆ ಕಳಿಸಿದರು.

ಆ ಕಾರ್ಡಿನ ಫೋಟೋ ಹೋದ ತಿಂಗಳು ಮತ್ತೆ ಕಾಣಿಸಿತು. ಜಯನಗರ, ತಿಲಕ್ ನಗರ, ಬಿಟಿಎಂ ಕಡೆಯ ಅಪಾರ್ಟ್‌ಮೆಂಟ್ ಲಿಫ್ಟುಗಳಲ್ಲಿ, ‘ಅನಧಿಕೃತ ವ್ಯಕ್ತಿ, ಒಳಗೆ ಬಿಡಬೇಡಿ’ ಎಂಬ ಕಂಪನಿಯ ನೋಟಿಸಿನ ಮೇಲೆ. ಅಲ್ಲಿಯತನಕ ದಿನಕ್ಕೆ ನಾಲ್ಕು ಮನೆ ಸಿಗುತ್ತಿದ್ದವು. ಈಗ ವಾರಕ್ಕೆ ಎರಡು. “ವಾಚ್‌ಮನ್ ನನ್ನ ಮುಖ ನೋಡ್ತಾನೆ, ಲಿಫ್ಟ್ ನೋಡ್ತಾನೆ, ಮತ್ತೆ ಮುಖ ನೋಡ್ತಾನೆ. ಅಕ್ಕಾ ಫೋಟೋದಲ್ಲಿ ದಪ್ಪ ಇದ್ರಿ ಅಂತಾನೆ.” ನಗುತ್ತಲೇ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಖಾಲಿ ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿರುತ್ತಾರೆ.

ಟೀಚರ್ ಏಳರ ಪಾಠ ಶುರು ಮಾಡಿದರೂ ಜಯದೇವಿ ಹೊರಡುವುದಿಲ್ಲ. ತನ್ನ ಡಬ್ಬ ಮತ್ತೆ ಕೂರಿಸಲು ಕಂಪನಿಯಿಂದ ಇವತ್ತು ಆಳು ಬರುತ್ತಾನೆ ಎಂದು ಕಾತ್ಯಾಯಿನಿ ಹೇಳಿದ್ದಾರೆ. ಒಂಬತ್ತೂವರೆಗೆ ಬರುತ್ತಾನೆ ರಘು, ಕೈಯಲ್ಲಿ ಒಂದು ಡಬ್ಬ, ಒಂದು ಟೈಪಾದ ಕಾಗದ. ಜಯದೇವಿಯನ್ನು ಕಂಡು ಹೊಸಿಲಲ್ಲೇ ನಿಂತುಬಿಡುತ್ತಾನೆ. ಶೆಡ್ಡಿನಲ್ಲಿ ಇವನಿಗೆ ಕೆಲಸ ಕಲಿಸಿದ್ದು ಇವರೇ.

“ಅಕ್ಕ... ನೀವಿಲ್ಲಿ?”

“ಬಾರೋ. ಲೈನ್ ಸರಿಯಾಗಿದೆ. ಕಾಫಿ ಕುಡಿ.”

ಕಾತ್ಯಾಯಿನಿ ಕನ್ನಡಕ ಏರಿಸಿ ಕಾಗದ ಓದುತ್ತಾರೆ: ‘ಜಯದೇವಿ ಎಂಬುವವರು ಉಪಕರಣಕ್ಕೆ ಹಾನಿ ಮಾಡಿದ್ದರಿಂದ ಸಂಪರ್ಕ ಕಡಿತಗೊಂಡಿದೆ. ಕಂಪನಿಯ ಡಬ್ಬ ಮರಳಿ ಅಳವಡಿಸಲು ಒಪ್ಪಿದ್ದೇನೆ.’ ಕೆಳಗೆ ಸಹಿಗೆ ಜಾಗ. ಟೀಚರ್ ಮೇಜಿನ ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು, ಎರಡೂ ಸಾಲಿನ ಮೇಲೆ ಉದ್ದಕ್ಕೆ ಗೀಟು ಹಾಕಿ, ಅಂಚಿನಲ್ಲಿ ಬರೆಯುತ್ತಾರೆ: ತಪ್ಪು. ನಾನೇ ಕುಂಕುಮ ಇಟ್ಟು ಕೆಡಿಸಿದ್ದು. ಜಯದೇವಿ ನಾಲ್ಕು ನಿಮಿಷದಲ್ಲಿ ಸರಿ ಮಾಡಿದರು.

“ಇದಕ್ಕಾದ್ರೆ ಸಹಿ ಹಾಕ್ತೀನಿ ನೋಡಪ್ಪ.”

ರಘು ಬೆವರುತ್ತ ಫೋನ್ ತೆಗೆದು ಸ್ಪೀಕರಿಗೆ ಹಾಕುತ್ತಾನೆ. ಆ ಕಡೆ ಅದೇ ಬೈಲಪ್ಪ, ಈಗ ದಕ್ಷಿಣ ಬೆಂಗಳೂರಿಗೆಲ್ಲ ಹಿರಿಯ ಮ್ಯಾನೇಜರ್. ಟೀಚರ್ ಬರೆದಿದ್ದನ್ನೂ ಜಯದೇವಿ ಅಲ್ಲೇ ಇರುವುದನ್ನೂ ರಘು ಹೇಳಿದ ಮೇಲೆ ದನಿ ಬದಲಿಸುತ್ತಾರೆ.

“ಜಯದೇವೀ, ಕೇಳಮ್ಮ. ನಮಗೂ ನಿನ್ನ ಮೇಲೆ ದ್ವೇಷ ಇಲ್ಲ. ಆ ನೋಟಿಸ್ ಎಲ್ಲಾ ಲಿಫ್ಟಿಂದ ಇವತ್ತೇ ತೆಗೆಸ್ತೀನಿ. ಒಂದೇ ಕೆಲಸ. ರಘು ತಂದಿರೋ ಹೊಸ ಡಬ್ಬ ನಿನ್ನ ಕೈಯಾರೆ ಆ ಗೋಡೆಗೆ ಹಾಕು. ಒಂದು ಫೋಟೋ ಕಳ್ಸು. ಹಾಕಲ್ಲ ಅಂದ್ರೆ ಮಧ್ಯಾಹ್ನಕ್ಕೆ ಈ ಲೈನೂ ಬಂದ್, ನಿನ್ನ ಕಸುಬೂ ಬಂದ್.”

ದಿನಕ್ಕೆ ನಾಲ್ಕು ಮನೆ ಮತ್ತೆ ಸಿಗಬಹುದು. ವಾಚ್‌ಮನ್‌ಗಳು ಗೇಟು ತೆಗೆಯಬಹುದು. ಜಯದೇವಿ ಟೀಚರ್ ಮುಖ ನೋಡುತ್ತಾರೆ. ಟೀಚರ್ ಹಾಕು ಅನ್ನುವುದಿಲ್ಲ, ಬೇಡ ಅನ್ನುವುದಿಲ್ಲ. “ನನ್ನ ಪಾಠಕ್ಕೆ ಬೇರೆ ದಾರಿ ನೋಡ್ಕೋತೀನಿ. ನಿಮ್ಮ ಕೈ, ನೀವೇ ಹೇಳ್ಬೇಕು,” ಅನ್ನುತ್ತಾರೆ.

ಜಯದೇವಿ ಡಬ್ಬ ಎತ್ತಿಕೊಂಡು ಬೆನ್ನು ತಿರುಗಿಸುತ್ತಾರೆ. ಮೂರನೇ ತಿರುಪಿನ ಪಕ್ಕಕ್ಕೆ ಬರುವಂತೆ ಹೊಳೆಯುವ ಚೀಟಿ ಅಂಟಿಸಿದೆ. ಉಗುರಿನಿಂದ ಅದರ ಮೂಲೆ ಎಬ್ಬಿಸುತ್ತಾರೆ. ಕೆಳಗೆ ಇನ್ನೊಂದು ಹಳೇ ಚೀಟಿ. ಅದನ್ನೂ ಎಬ್ಬಿಸುತ್ತಾರೆ. ರಘು ಬಗ್ಗಿ ನೋಡಿ, ನೋಡಬಾರದ್ದನ್ನು ನೋಡಿದವನಂತೆ ನೆಟ್ಟಗಾಗುತ್ತಾನೆ. ಕೆಂಪು ಅಡ್ಡಗೀಟು ಅಲ್ಲಿದೆ, ನಿನ್ನೆ ಹಚ್ಚಿದ ಹಾಗೆ.

“ಏನಮ್ಮ, ಹಾಕ್ದಾ?” ಫೋನು ಕೇಳುತ್ತದೆ.

ಜಯದೇವಿ ಡಬ್ಬವನ್ನು ರಘುವಿನ ಎರಡೂ ಕೈಗೆ ಇಟ್ಟು, ಏಣಿ ಎತ್ತಿಕೊಳ್ಳುತ್ತಾರೆ.

“ಇದು ನಾನು ಬೇಡ ಅಂದ ಡಬ್ಬ ಸಾರ್. ಅವತ್ತು ಚೀಟಿ ಅಂಟಿಸ್ಲಿಲ್ಲ. ಇವತ್ತು ಗೋಡೆಗೆ ಹಾಕಲ್ಲ.”