ಕೇರಿಯಿಂದ ಬಂದ ಫಾರಿನ್ ಅಯ್ಯನೋರು

ಬಸ್ಸು ಶಿಡ್ಲಘಟ್ಟದ ಹತ್ತಿರ ಬರುತ್ತಿದ್ದ ಹಾಗೆ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ರೇಷ್ಮೆಗೂಡು ಬೇಯುವ ವಾಸನೆ. ಕುದಿನೀರಿನಲ್ಲಿ ನೂಲೆಲ್ಲ ಬಿಚ್ಚಿಹೋದ ಮೇಲೆ ಉಳಿದ ಕಂದು ಹುಳಗಳು ರಾಶಿ ಬಿದ್ದು, ಬಿಸಿಲಿಗೆ ಜಿಡ್ಡು ಬಿಟ್ಟು ನಾರುತ್ತವೆ. ಹೊಸಬರು ಮೂಗಿಗೆ ಕರ್ಚೀಫು ಒತ್ತಿಕೊಳ್ಳುತ್ತಾರೆ. ನಾನು ಆ ವಾಸನೆಯಲ್ಲೇ ಬೆಳೆದವಳು. ತಾತನ ಮನೆಯ ಹಿತ್ತಲಲ್ಲಿ ನೂಲು ಬಿಚ್ಚುವ ಒಲೆಗಳಿದ್ದವು. ನಮ್ಮ ಹಾಸಿಗೆಗೂ ಅದೇ ವಾಸನೆ, ಅಮ್ಮನ ಸೆರಗಿಗೂ ಅದೇ. ಆಗ ಅದು ಹೇಸಿಗೆ ಎನಿಸಿದ್ದಿಲ್ಲ. ಈಗ ಕಿಟಕಿ ಮುಚ್ಚುತ್ತೇನೆ. ಹುಳಗಳ ದೆಸೆಯಿಂದಲ್ಲ. ಆ ವಾಸನೆಯ ಬೆನ್ನಿಗೇ ಆ ಮನೆಯ ಜನ ನೆನಪಾಗುತ್ತಾರೆ, ಅದಕ್ಕೆ.

ಮನೆ ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಕೆಂಪು ಗಾರೆಯ ನೆಲ, ಮಧ್ಯಾಹ್ನ ಕೆನ್ನೆಯಿಟ್ಟು ಮಲಗಿದರೆ ತಣ್ಣಗೆ. ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಪೇಟ ಸುತ್ತಿದ ಮುತ್ತಾತನ ಪಟ. ಜಮೀನುದಾರನಾಗಿದ್ದ ಮುತ್ತಾತ ಒಬ್ಬ ಬಿಳಿ ಪಾದ್ರಿ ಅಯ್ಯನೋರ ಕೈಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ದೇವರು ಬದಲಾದ, ಹೆಸರುಗಳು ಬದಲಾದವು, ಜಾತಿ ಮಾತ್ರ ಅಲುಗಲಿಲ್ಲ. ತಾತ ನಮ್ಮ ಪುಟ್ಟ ಸಭೆಯ ಹಿರಿಯ. ಚರ್ಚಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ತಾತ, ಅಜ್ಜಿ, ಚಿಕ್ಕಪ್ಪನ ಜೊತೆ ಅಲ್ಲೇ ಉಳಿದಿದ್ದೆವು. ಸಂಜೆ ತಾತ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೈಬಲ್ ಓದುತ್ತಿದ್ದ. ನೆರೆಯವನನ್ನು ಪ್ರೀತಿಸು ಎನ್ನುವ ಮಾತು ಬಂದಾಗ ಅವನ ದನಿ ನಡುಗುತ್ತಿತ್ತು. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಬಲ್ಲಿರಿ, ಆ ನಡುಕ ನಟನೆಯಲ್ಲ. ಅದೇ ನನಗೆ ಇವತ್ತಿಗೂ ಅರಗದಿರುವುದು.

ನಮ್ಮ ಸಭೆಗೆ ಖಾಯಂ ಅಯ್ಯನೋರು ಇರಲಿಲ್ಲ. ಚಿಂತಾಮಣಿಯಿಂದ ಒಬ್ಬರು ಆಗೀಗ ಬಂದು ಹೋಗುತ್ತಿದ್ದರು. ಹೀಗಿರುವಾಗ, ಹೊರದೇಶದ ಸಭೆಯೊಂದು ವಯಸ್ಸಾದ ಮಿಷನರಿ ದಂಪತಿಯನ್ನು ಕಳಿಸುತ್ತಿದೆ ಎಂಬ ಸುದ್ದಿ ಬಂತು. ಊರಿನ ಕ್ರೈಸ್ತರ ಮನೆಗಳಲ್ಲೆಲ್ಲ ಸಂಭ್ರಮ. ಚರ್ಚಿಗೆ ಸುಣ್ಣ ಬಳಿದರು. ಅಜ್ಜಿ ಬೀರುವಿನಿಂದ ಪಿಂಗಾಣಿ ಕಪ್ಪುಗಳನ್ನು ಇಳಿಸಿ ತೊಳೆದಳು. ಮಕ್ಕಳಾದ ನಮಗೆ ಗುಲಾಬಿ ಕೊಟ್ಟು ಸಾಲಾಗಿ ನಿಲ್ಲಿಸಿದರು. ಕಾರು ಬಂತು. ಇಳಿದವರು ಬಣ್ಣ ಮಾಸಿದ ಸ್ವೆಟರಿನ ಕಪ್ಪನೆಯ ಮುದುಕರೊಬ್ಬರು, ಸೀರೆಯ ಕೆಳಗೆ ಬಿಳಿ ಬೂಟು ತೊಟ್ಟಿದ್ದ ಹೆಂಗಸೊಬ್ಬರು. ತಾತ ಹಾರ ಹಿಡಿದೇ ಕಾರಿನೊಳಗೆ ಬಗ್ಗಿ ನೋಡಿದ.

"ಫಾರಿನ್‌ನೋರು ಎಲ್ಲಪ್ಪಾ?"

"ನಾವೇ ಅಣ್ಣಾ," ಎಂದರು ಮುದುಕರು ನಗುತ್ತ. ಆಮೇಲೆ ತೆಲುಗಿನಲ್ಲಿ, "ಬಾಗುನ್ನಾರಾ?" ಎಂದು ಕ್ಷೇಮ ವಿಚಾರಿಸಿದರು.

ಅವರು ದೇವದಾನಪ್ಪ, ಆಕೆ ಸುಗುಣಮ್ಮ. ದೇವದಾನಪ್ಪ ಮಂಡಿಕಲ್ ಕಡೆಯ ಹಳ್ಳಿಯೊಂದರ ಕೇರಿಯಲ್ಲಿ ಹುಟ್ಟಿದವರು. ಅವರ ಅಪ್ಪ ಜಮೀನುದಾರರ ಸತ್ತ ದನ ಎಳೆಯುತ್ತಿದ್ದವರು. ಹರೆಯದಲ್ಲಿ ಸುಗುಣಮ್ಮನಿಗೆ ಹೊರದೇಶದಲ್ಲಿ ನರ್ಸ್ ಕೆಲಸ ಸಿಕ್ಕಿ, ಹಿಂದೆಯೇ ಇವರೂ ಹೋಗಿ, ಬಸ್ಸು ಓಡಿಸಿ, ರಾತ್ರಿ ಶಾಲೆ ಓದಿ, ದೀಕ್ಷೆ ಪಡೆದು ಅಯ್ಯನೋರಾಗಿದ್ದರು. ಮಕ್ಕಳೆಲ್ಲ ಅಲ್ಲೇ ನೆಲೆ ಕಂಡ ಮೇಲೆ, ಕೊನೆಗಾಲದ ಸೇವೆ ನಮ್ಮೂರ ಕಡೆ ಮಾಡೋಣ ಎಂದು ತಾವೇ ಕೇಳಿಕೊಂಡು ಬಂದಿದ್ದರು. ಇಷ್ಟೆಲ್ಲ ಅವರು ಅಂದೇ ನಮ್ಮ ಪಡಸಾಲೆಯಲ್ಲಿ ಕೂತು, ಬಚ್ಚಿಡದೆ ಹೇಳಿದರು. ಹೇಳುತ್ತಿದ್ದ ಹಾಗೆ ಅಜ್ಜಿ ಎದ್ದು ಒಳಗೆ ಹೋದಳು. ಕಾಫಿ ಬಂದದ್ದು ಪಿಂಗಾಣಿ ಕಪ್ಪಿನಲ್ಲಲ್ಲ, ಒಲೆ ಕೆಲಸದ ಹೆಂಗಸರಿಗೆಂದು ಹಿತ್ತಲ ಕಿಟಕಿಯಲ್ಲಿ ಇಟ್ಟಿರುತ್ತಿದ್ದ ಸೊಟ್ಟ ಲೋಟಗಳಲ್ಲಿ. ಸುಗುಣಮ್ಮ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ, ಕುಡಿದು, ತಾವೇ ತೊಳೆದು ಅದೇ ಕಿಟಕಿಯಲ್ಲಿ ಬೋರಲು ಹಾಕಿದರು. ಎಲ್ಲಿಡಬೇಕೆಂದು ಯಾರೂ ಹೇಳಿರಲಿಲ್ಲ.

ದೇವದಾನಪ್ಪನವರು ಕರ್ತನ ಭೋಜನದ ಬಟ್ಟಲು ಹಿಡಿದ ಮೊದಲ ಭಾನುವಾರ, ಅವರ ಕೈಯಿಂದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಮುಂದಿನ ಬೆಂಚುಗಳವರು ಏಳಲಿಲ್ಲ. ತಾತ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವನ ಹಾಗೆ ಕೂತೇ ಇದ್ದ. ಹಿಂದಿನ ಚಾಪೆಗಳಿಂದ ಕೆಲವರು ಎದ್ದು ಬಟ್ಟಲಿನ ಕಡೆ ಹೋದರು. ನಮ್ಮ ಸಾಲಿನಿಂದ ಎದ್ದವಳು ಅಮ್ಮ ಒಬ್ಬಳೇ. ಆ ದಿನ ಮನೆಯಲ್ಲಿ ಯಾರೂ ಅವಳೊಂದಿಗೆ ಮಾತಾಡಲಿಲ್ಲ.

ಮುಂದಿನ ಬೇಸಿಗೆಗೆ ತಾತನ ಕಾಲಿನಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆ. ಹೆಬ್ಬೆರಳು ಕಪ್ಪಾಗಿ, ಪಾದ ಬಾತು, ಕೀವು ಸೋರತೊಡಗಿತು. ಚಿಕ್ಕಬಳ್ಳಾಪುರದ ಡಾಕ್ಟರು ಕಾಲು ತೆಗೆಯಬೇಕೆಂದರು, ತಾತ ಒಪ್ಪಲಿಲ್ಲ. ಬೇಯುವ ಗೂಡಿನ ವಾಸನೆಯನ್ನೂ ಮೀರಿಸಿ ಆ ಕೊಳೆತ ನಾತ ಮನೆ ತುಂಬಿತು. ಒಂದು ಬೆಳಗ್ಗೆ ಬ್ಯಾಂಡೇಜು ಬಿಚ್ಚಿದಾಗ ಒಳಗೆ ಹುಳ ಮಿಸುಕಾಡುತ್ತಿದ್ದವು. ಚಿಕ್ಕಪ್ಪ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡ. ಆಮೇಲೆ ಅವನು ಬಾಗಿಲಲ್ಲಿ ನಿಂತೇ "ಹೆಂಗಿದ್ಯಪ್ಪಾ?" ಎಂದು ಕೇಳಿ ಹೋಗುತ್ತಿದ್ದ. ಅಜ್ಜಿ ಊಟದ ತಟ್ಟೆಯನ್ನು ಅಮ್ಮನ ಕೈಲಿ ಕಳಿಸುತ್ತಿದ್ದಳು. ಚಿಂತಾಮಣಿಯ ಅಯ್ಯನೋರು ಬಂದವರು ಹೊಸ್ತಿಲಾಚೆಯೇ ಪ್ರಾರ್ಥನೆ ಮುಗಿಸಿದರು.

ಯಾರೂ ಕರೆಯದೆ ಬಂದವರು ಸುಗುಣಮ್ಮ. ನೆಲದ ಮೇಲೆ ಕೂತು ತಾತನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಚಿಮುಟದಲ್ಲಿ ಒಂದೊಂದೇ ಹುಳ ತೆಗೆದು ತಟ್ಟೆಗೆ ಹಾಕುತ್ತಿದ್ದರು. "ಅಲ್ಲಾಡ್ಬೇಡಿ ಅಣ್ಣ, ಇನ್ನೊಂಚೂರು," ಎನ್ನುತ್ತಿದ್ದರು. ದಿನವೂ ಬಂದರು. ತಾತ ಅವರ ದಾರಿ ಕಾಯತೊಡಗಿದ. ಮಾತ್ರೆಗಳನ್ನು ಬೇರೆ ಯಾರು ಕೊಟ್ಟರೂ ಉಗಿಯುತ್ತಿದ್ದವನು ಅವರ ಕೈಯಿಂದ ಮಗುವಿನ ಹಾಗೆ ಬಾಯಿ ತೆರೆದು ನುಂಗುತ್ತಿದ್ದ. ಅವರು ಹೋದ ಮೇಲೆ ಅಜ್ಜಿ ಬಂದು, ಅವರು ಕೂತಿದ್ದ ಜಾಗಕ್ಕೆ ಫಿನಾಯಿಲ್ ಸುರಿದು ಒರೆಸುತ್ತಿದ್ದಳು. ಕೀವು ಬಿದ್ದಿದ್ದ ಜಾಗಕ್ಕಲ್ಲ, ಅವರು ಕೂತಿದ್ದ ಜಾಗಕ್ಕೆ.

ಒಂದು ದಿನ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದಾಗ ಅಮ್ಮ ತಡೆಯಲಾರದೆ, "ಬೇಜಾರು ಮಾಡ್ಕೋಬೇಡಿ ಸುಗುಣಕ್ಕ," ಎಂದಳು.

"ಬೇಜಾರೇನು ಬಂತಮ್ಮ. ಏರ್‌ಪೋರ್ಟಲ್ಲಿ ಇಳಿದಾಗ ನಂಗೇನೂ ಅನ್ಸಲಿಲ್ಲ. ಈ ಲೋಟ ನೋಡ್ದಾಗ್ಲೇ ಊರಿಗೆ ಬಂದೆ ಅಂತ ಗೊತ್ತಾಗಿದ್ದು." ಅವರು ನಕ್ಕರು. ಅಮ್ಮನಿಗೆ ನಗಲಾಗಲಿಲ್ಲ.

ತಾತನ ಕೊನೆ ಹತ್ತಿರವಾದಾಗ ಅವನಿಗೆ ಕರ್ತನ ಭೋಜನ ಬೇಕೆನಿಸಿತು. ಚಿಂತಾಮಣಿಯವರು ಜ್ವರವೆಂದು ಹೇಳಿ ಕಳಿಸಿದರು. ಅಮ್ಮನೇ ಹೋಗಿ ದೇವದಾನಪ್ಪನವರನ್ನು ಕರೆತಂದಳು. ಅವರು ಮಂಚದ ಪಕ್ಕ ಮೊಣಕಾಲೂರಿ, ವಾಕ್ಯ ಓದಿ, ರೊಟ್ಟಿಯ ಚೂರನ್ನು ತಾತನ ತುಟಿಯ ಬಳಿ ಹಿಡಿದರು. ತಾತ ಅವರನ್ನು ನೋಡಿದ. ತುಟಿಗಳನ್ನು ಬಿಗಿಯಾಗಿ ಒತ್ತಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದ. ದೇವದಾನಪ್ಪನವರ ಕೈ ಬಹಳ ಹೊತ್ತು ಹಾಗೆಯೇ ಇತ್ತು. ಸುಗುಣಮ್ಮ ಕಾಲ ಬಳಿ ಕೂತು ಗಾಯ ತೊಳೆಯುತ್ತಿದ್ದರು. ತಲೆ ಎತ್ತಿ ನೋಡಿ, ಮತ್ತೆ ತೊಳೆಯತೊಡಗಿದರು. ಎರಡು ದಿನ ಕಳೆದು ತಾತ ಹೋದ. ಮಣ್ಣು ಮಾಡುವಾಗ ಚಿಂತಾಮಣಿಯ ಅಯ್ಯನೋರು ಜ್ವರ ಬಿಟ್ಟು ಬಂದು, ದೀನರಲ್ಲಿ ದೀನ ಎಂದು ತಾತನನ್ನು ಹೊಗಳಿದರು. ದೇವದಾನಪ್ಪನವರೂ ಸುಗುಣಮ್ಮನವರೂ ಗೇಟಿನ ಹತ್ತಿರ ನಿಂತಿದ್ದರು.

ವರ್ಷ ತುಂಬುವುದರೊಳಗೆ ದೇವದಾನಪ್ಪನವರೂ ತೀರಿಕೊಂಡರು. ಚರ್ಚಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವರು ಏಳಲಿಲ್ಲ. ಸಭೆಯ ಸಮಾಧಿ ಜಾಗದಲ್ಲಿ ಗುಂಡಿ ತೋಡಿಸಬೇಕಿತ್ತು. ಬೀಗದ ಕೈ ಈಗ ಚಿಕ್ಕಪ್ಪನ ಸೊಂಟದಲ್ಲಿತ್ತು. ನಮ್ಮ ಪಡಸಾಲೆಯಲ್ಲಿ ಹಿರಿಯರೆಲ್ಲ ಸೇರಿದರು. ತಾತನ ಪಕ್ಕದಲ್ಲಿ ಕೇರಿಯವರು ಮಲಗುವುದೆಂದರೆ! ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಚಿಕ್ಕಪ್ಪನಿಗೆ ದಾರಿ ಹೊಳೆಯಿತು.

"ಅವ್ರು ಫಾರಿನ್ ಪಾಸ್‌ಪೋರ್ಟ್‌ನೋರು. ಇಲ್ಲಿ ಹೂಳಿದ್ರೆ ನಾಳೆ ಪೊಲೀಸ್ನೋರು ಬರ್ತಾರೆ. ಬಾಡಿನ ಅವ್ರ ದೇಶಕ್ಕೇ ಕಳ್ಸೋದು ಮರ್ಯಾದೆ."

ಎಲ್ಲರೂ ಹೌದೌದು ಎಂದರು. ಎಂಥ ನಿರಾಳ ಆ ಮುಖಗಳ ಮೇಲೆ! ಸುಗುಣಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

"ಬಂದಿದ್ ದಿನ ಫಾರಿನ್‌ನೋರು ಎಲ್ಲಿ ಅಂತ ಕಾರೊಳಗೆ ಹುಡುಕಿದ್ರಲ್ಲಪ್ಪ," ಎಂದರು ಮೆಲ್ಲಗೆ. "ಇವತ್ತು ಸಿಕ್ಕಿದ್ರಾ?"

ಸುಗುಣಮ್ಮ ತಾವೇ ಮಂಡಿಕಲ್ ಕಡೆಗೆ ಹೇಳಿ ಕಳಿಸಿದರು. ದೇವದಾನಪ್ಪನವರ ಅಣ್ಣನ ಮಕ್ಕಳು ಟೆಂಪೊ ತಂದರು. ಅಮ್ಮ ನನ್ನ ಕೈ ಹಿಡಿದು ಹೊರಟಳು.

"ಮಣ್ಣಿಗೆ ಹೋಗ್ತಿದ್ದೀವಿ ಅತ್ತೆ."

"ಹೋದ್ರೆ ಹಿತ್ತಲಲ್ಲಿ ನೀರು ಹಾಕ್ಕೊಳ್ದೆ ಒಳಕ್ಕೆ ಬರ್ಬೇಡ," ಎಂದಳು ಅಜ್ಜಿ.

"ಒಳಕ್ಕೇ ಬರಲ್ಲ, ಬಿಡಿ," ಎಂದಳು ಅಮ್ಮ. ಬರಲೂ ಇಲ್ಲ. ಮಣ್ಣು ಮುಗಿಸಿ ನಾವು ಅಲ್ಲಿಂದಲೇ ಗೌರಿಬಿದನೂರಿನ ಅವಳ ತವರಿಗೆ ಹೋದೆವು. ಅಮ್ಮ ಬಟ್ಟೆ ಹೊಲಿದು ನನ್ನನ್ನು ಓದಿಸಿದಳು. ಅಜ್ಜಿ ಸತ್ತಾಗಲೂ ಅವಳು ಆ ಹೊಸ್ತಿಲು ತುಳಿಯಲಿಲ್ಲ. ಚಿಕ್ಕಪ್ಪ ಮನೆ ಮಾರಿದ. ಈಗ ಅಲ್ಲಿ ಮೊಬೈಲ್ ಅಂಗಡಿಗಳಿವೆ. ನೋಡಿದರೆ ಅಳು ಬರುವುದಿಲ್ಲ. ಆ ತಣ್ಣನೆಯ ನೆಲವನ್ನು ಮಾತ್ರ ಕೆನ್ನೆ ಇನ್ನೂ ಮರೆತಿಲ್ಲ.

ಸುಗುಣಮ್ಮ ವೀಸಾ ಮುಗಿಯುವವರೆಗೆ ಆ ಹಳ್ಳಿಯಲ್ಲೇ ಇದ್ದು, ಕೇರಿಯ ಹೆಂಗಸರ ಬಾಣಂತನ ನೋಡಿಕೊಂಡು, ಮಕ್ಕಳ ಹತ್ತಿರ ವಾಪಸು ಹೋದರು. ಅಲ್ಲಿಯೇ ತೀರಿಕೊಂಡರೆಂದು ಆಮೇಲೆ ತಿಳಿಯಿತು. ಈ ಸಲ ನಾನು ಶಿಡ್ಲಘಟ್ಟದಲ್ಲಿ ಇಳಿಯದೆ ಮಂಡಿಕಲ್ ಕಡೆಗೆ ಹೋದೆ. ದೇವದಾನಪ್ಪನವರನ್ನು ಮಣ್ಣು ಮಾಡಿದ್ದ ಹೊಲಕ್ಕೆ ಅವರ ಅಣ್ಣನ ಮಗ ಕರೆದುಕೊಂಡು ಹೋದರು. ರಾಗಿ ಮೊಣಕಾಲೆತ್ತರ ಬಂದಿತ್ತು. ನಡುವೆ ಮಂಚದಷ್ಟು ಜಾಗ ಮಾತ್ರ ಬಿತ್ತದೆ ಬಿಟ್ಟಿದ್ದರು. ಕಲ್ಲಿಲ್ಲ, ಶಿಲುಬೆಯಿಲ್ಲ, ಬರಿಯ ಹುಲ್ಲು.

"ಪ್ರತಿ ಸಲ ಟ್ರ್ಯಾಕ್ಟರ್‌ನೋನಿಗೆ ಹೇಳ್ಬೇಕೇನಣ್ಣ?" ಎಂದು ಕೇಳಿದೆ.

"ಏನೂ ಹೇಳ್ಬೇಕಾಗಿಲ್ಲಮ್ಮ. ಅವ್ನು ಇದೇ ಊರೋನು, ಅವ್ನಿಗ್ ಗೊತ್ತು. ಸುತ್ತು ಹಾಕ್ಕೊಂಡು ಹೋಗ್ತಾನೆ."

ನಾನು ಚಪ್ಪಲಿ ಬಿಟ್ಟು ಆ ಹುಲ್ಲಿನ ಅಂಚಿನಲ್ಲಿ ಕೂತೆ. ಗಾಳಿಗೆ ರಾಗಿ ಆ ಕಡೆಯೊಮ್ಮೆ, ಈ ಕಡೆಯೊಮ್ಮೆ ವಾಲುತ್ತಿತ್ತು.