ಹೆಬ್ಬೆರಳು ಅಲುಗಿದರೆ ಕೈ ನಿಲ್ಲಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿ ನಲ್ಲಿಯ ಸುತ್ತ ಆಗಲೇ ಏಳೆಂಟು ಮಂದಿ ಬ್ರಶ್ ಬಾಯಿಗಿಟ್ಟುಕೊಂಡು ಅರೆನಿದ್ದೆಯಲ್ಲಿ ನಿಂತಿದ್ದಾರೆ. ಅವರ ನಡುವೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡಿರುವ ಐವತ್ತರ ಆಸುಪಾಸಿನ ಹೆಂಗಸಿಗೆ ಮಾತ್ರ ನೀರಿನ ಅವಸರವೇ ಇಲ್ಲ. ಸರದಿ ಬಂದರೂ ಹಿಂದಿನವರಿಗೆ ಬಿಟ್ಟುಕೊಡುತ್ತಾರೆ. ಅವರ ಕಣ್ಣೆಲ್ಲ ಜನರ ಬಾಯಿಯ ಮೇಲೆ. ಯಾರು ಒಂದೇ ಕಡೆ ಉಜ್ಜುತ್ತಿದ್ದಾರೆ, ತಣ್ಣೀರು ತಾಗುತ್ತಲೇ ಯಾರು ಮುಖ ಕಿವುಚುತ್ತಾರೆ, ಯಾರ ಉಗುಳಿನಲ್ಲಿ ಕೆಂಪಿದೆ.

"ಏನಣ್ಣಾ, ಎಡಗಡೆಗೆ ರಜೆ ಕೊಟ್ಟುಬಿಟ್ಟಿದ್ದೀಯಾ?"

ಗಾರೆ ಕೆಲಸದವನು ನೊರೆ ಬಾಯಲ್ಲೇ ನಗುತ್ತಾನೆ, ಸಿಕ್ಕಿಬಿದ್ದವನ ನಗು. "ಬೆಳಿಗ್ಗೆ ಬೆಳಿಗ್ಗೆ ಬಲೆ ಬೀಸಬೇಡಕ್ಕ. ಕೆಲಸಕ್ಕೆ ಹೋಗ್ಬೇಕು."

"ಹೋಗು. ಸಾಯಂಕಾಲ ನೀನೇ ಓಡಿ ಬರ್ತೀಯ."

ಬೀದಿಗೆಲ್ಲ ಇವರು ಹಲ್ಲಕ್ಕ. ಬೀದಿಯ ಬೆನ್ನಿಗೇ ವಿಶ್ವವಿದ್ಯಾಲಯದ ಕಾಂಪೌಂಡು ಗೋಡೆ, ಅದರಾಚೆ ದಂತವೈದ್ಯ ವಿಭಾಗ. ಅಲ್ಲಿ ಕಲಿಯುವವರಿಗೆ ಬಾಯಿ ಬೇಕು, ಇಲ್ಲಿನ ಬಾಯಿಗಳಿಗೆ ವೈದ್ಯರು ಬೇಕು. ಎರಡನ್ನೂ ಕೂಡಿಸೋಣವೆಂದು ವಿಶ್ವವಿದ್ಯಾಲಯ ಹಿಂದೊಮ್ಮೆ ಗೋಡೆಗೆ ಚಿಕ್ಕದೊಂದು ಗೇಟು ಇಡಿಸಿ, ಚಿಕಿತ್ಸೆ ಉಚಿತ ಎಂದು ಬೋರ್ಡು ಹಾಕಿಸಿತು. ತಿಂಗಳುಗಟ್ಟಲೆ ಆ ಗೇಟಿನಲ್ಲಿ ಬೆಕ್ಕು ಬಿಟ್ಟರೆ ಯಾರೂ ಓಡಾಡಲಿಲ್ಲ. "ಹುಡುಗರು ಕೈ ಪಳಗಿಸ್ಕೊಳ್ಳೋಕೆ ನಮ್ಮ ಬಾಯೇ ಬೇಕಾ?" ಎಂದು ಬೀದಿ ಮುಖ ತಿರುಗಿಸಿತು. ಆಗ ವಿಭಾಗದವರು ತಮ್ಮಲ್ಲಿ ಕಸ ಗುಡಿಸುತ್ತಿದ್ದ, ಇದೇ ಬೀದಿಯ ಈ ಹೆಂಗಸಿಗೆ ಜನರನ್ನು ಕರೆತರುವ ಕೆಲಸ ಒಪ್ಪಿಸಿದರು.

ಅವರು ಮೊದಲು ಕರೆದೊಯ್ದದ್ದು ಎದುರು ಮನೆಯಲ್ಲಿರುವ ಒಡಹುಟ್ಟಿದ ತಂಗಿಯನ್ನು. ಎಡವಟ್ಟಾದದ್ದೂ ಅಲ್ಲೇ. ಕಲಿಯುವ ಹುಡುಗ ಹುಳುಕು ಹಲ್ಲನ್ನು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತುಬಿಟ್ಟ.

"ಅವಳು ಊಂ ಊಂ ಅಂತಾನೇ ಇದ್ದಳಂತೆ. ನೋವಿಗೆ ಹಾಗಂತಾಳೆ ಅಂದ್ಕೊಂಡ್ರು. ಅದಲ್ಲ, ಪಕ್ಕದ್ದು ಅಂತ ಹೇಳ್ತಿದ್ದಾಳೆ ಅಂತ ಯಾರಿಗೆ ಗೊತ್ತಾಗ್ಬೇಕು? ನಾನು ಹೊರಗೆ ಬೆಂಚ್ ಮೇಲೆ ಕೂತಿದ್ದೆ."

ವಿಭಾಗದವರು ತಪ್ಪೊಪ್ಪಿಕೊಂಡರು. ಆದರೆ ಹೋದ ಹಲ್ಲು ಬರಲಿಲ್ಲ. ಮರುವಾರದಿಂದ ಹಲ್ಲಕ್ಕ ಬೆಂಚು ಬಿಟ್ಟು, ಒಂದು ಸ್ಟೂಲು ಎಳೆದುಕೊಂಡು ಒಳಗೇ ಕೂತರು, ಮಲಗಿದವರ ಕಾಲ ಬಳಿ. "ಬಾಯಿ ತುಂಬ ಸಾಮಾನು ತುರುಕಿದ ಮೇಲೆ ಮನುಷ್ಯ ಮಾತಾಡೋದು ಹೇಗೆ? ಕೈ ಎತ್ತಿದ್ರೆ ಸೂಜಿಗೆ ತಗುಲುತ್ತೆ. ಉಳಿದಿದ್ದು ಕಾಲು ತಾನೇ?" ಅವರು ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಹಿಡಿದಿರುತ್ತಾರೆ. ಅದು ಅಲುಗಿತೋ, "ತಡಿ ಮಗಾ" ಅನ್ನುತ್ತಾರೆ. ಆ ಕ್ಷಣ ಕಲಿಯುವವರ ಕೈ ನಿಲ್ಲಬೇಕು. ಯಾಕೆ ಏನು ಎಂಬ ಪ್ರಶ್ನೆ ಆಮೇಲೆ. ವಿಭಾಗದ ಮುಖ್ಯಸ್ಥೆ ಇದನ್ನೇ ನಿಯಮ ಮಾಡಿದರು. ಈಗ ದಿನಕ್ಕೆ ಎಂಟು ಹತ್ತು ಜೊತೆ ಕಾಲು ಇವರ ಕೈಗೆ ಬರುತ್ತವೆ. ಸಿಮೆಂಟು ಮೆತ್ತಿದವು, ಬಿರುಕು ಬಿಟ್ಟವು, ನಾಚಿಕೆಯಿಂದ ತೊಳೆದುಕೊಂಡು ಬಂದವು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಸಂಬಳ ಅರ್ಧ ದಿನದ್ದು.

"ಕಾಲು ಹಿಡಿಯೋಕೂ ಸಂಬಳ ಕೊಡ್ತಾರಾ?" ಎಂದು ಬೀದಿಯ ಗಂಡಸರು ಛೇಡಿಸುತ್ತಾರೆ.

"ನೀವು ಪುಕ್ಕಟೆ ಹಿಡೀತೀರಲ್ಲ, ನಾನು ಸ್ವಲ್ಪ ಜಾಣೆ."

ಇಷ್ಟಾದರೂ ಬೀದಿಯ ಅರ್ಧದಷ್ಟು ಜನ ಗೇಟಿನ ಈಚೆಗೇ ಉಳಿದಿದ್ದಾರೆ. ಕರೆದಾಗಲೆಲ್ಲ ಅವರದು ಒಂದೇ ಉತ್ತರ: "ಮೊದಲು ನಿನ್ನ ತಂಗೀನ ಕರ್ಕೊಂಡು ಹೋಗು, ಆಮೇಲೆ ನಾವು." ತಂಗಿ ಮುನಿಸಿಕೊಂಡವಳಲ್ಲ. ಅಕ್ಕನ ರವಿಕೆ ಹೊಲಿದುಕೊಡುತ್ತಾಳೆ, ಅಕ್ಕನ ಮೊಮ್ಮಗಳಿಗೆ ಜಡೆ ಹಾಕುತ್ತಾಳೆ. ಗೇಟಿನ ಸುದ್ದಿ ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.

ನಾಲ್ಕು ದಿನದಿಂದ ಆ ತಂಗಿ ನಲ್ಲಿಗೆ ಬಂದವಳು ಬೆನ್ನು ತಿರುಗಿಸಿ ಹಲ್ಲುಜ್ಜುತ್ತಿದ್ದಾಳೆ. ಹಲ್ಲಕ್ಕ ಕಂಡೂ ಕಾಣದಂತಿದ್ದಾರೆ. ಇವತ್ತು ಎಲ್ಲರೂ ಹೋದ ಮೇಲೂ ತಂಗಿ ಅಲ್ಲೇ ನಿಂತಿದ್ದಾಳೆ, ಕೆನ್ನೆಗೆ ಸೆರಗು ಒತ್ತಿಕೊಂಡು.

"ಯಾರು ಕೀಳ್ತಾರೆ?"

"ಕೊನೇ ವರ್ಷದ ಹುಡುಗಿ. ಮೇಡಂ ಪಕ್ಕದಲ್ಲೇ ಇರ್ತಾರೆ."

"ನೀನು?"

"ಕಾಲ ಹತ್ರ."

ತಂಗಿ ಕೊಡ ಎತ್ತಿಕೊಳ್ಳುತ್ತಾಳೆ. "ಇದನ್ನ ಮನೇಲಿಟ್ಟು ಬರ್ತೀನಿ."

ಹತ್ತು ಗಂಟೆಗೆ ಅವಳು ಕುರ್ಚಿಯಲ್ಲಿ ಒರಗಿದ್ದಾಳೆ. ಹುಡುಗಿ ಕನ್ನಡಿ ಹಿಡಿದು ಹಲ್ಲು ತೋರಿಸಿ, ಇದೇನಾ ಎಂದು ಎರಡು ಸಲ ಕೇಳಿ, ಮರಗಟ್ಟಿಸುವ ಸೂಜಿ ಕೊಡುತ್ತಾಳೆ. ಹಲ್ಲಕ್ಕ ಸ್ಟೂಲು ಹತ್ತಿರಕ್ಕೆಳೆದುಕೊಂಡು ತಂಗಿಯ ಹೆಬ್ಬೆರಳು ಹಿಡಿಯುತ್ತಾರೆ. ಇಕ್ಕಳ ಬಾಯೊಳಗೆ ಹೋಗಿ ಹಲ್ಲನ್ನು ಹಿಡಿಯುವಷ್ಟರಲ್ಲಿ ಹೆಬ್ಬೆರಳು ಅಲುಗುತ್ತದೆ.

"ತಡಿ ಮಗಾ!"

ಹುಡುಗಿ ಬೆಚ್ಚಿ ಇಕ್ಕಳ ಹೊರಗೆ ತೆಗೆಯುತ್ತಾಳೆ. ಮೇಡಂ ಬಾಗುತ್ತಾರೆ. ಹಲ್ಲಕ್ಕ ಎದ್ದೇ ನಿಂತಿದ್ದಾರೆ. "ಏನಾಯ್ತೇ? ನೋವಾ? ಬೇರೆ ಹಲ್ಲಾ?"

"ಏನಿಲ್ಲ," ಅನ್ನುತ್ತಾಳೆ ತಂಗಿ, ದಪ್ಪಗಾದ ನಾಲಿಗೆಯಲ್ಲಿ. "ನಿಲ್ಲಿಸ್ತಾರಾ ಅಂತ ನೋಡಿದೆ."

ಮೇಡಂ ಮೊದಲು ನಗುತ್ತಾರೆ, ಆಮೇಲೆ ಹುಡುಗಿ. ಹಲ್ಲಕ್ಕನಿಗೆ ನಗು ಬರುವುದಿಲ್ಲ. ಸ್ಟೂಲಿನ ಮೇಲೆ ಕೂತು ಮತ್ತೆ ಕಾಲು ಹಿಡಿಯುತ್ತಾರೆ. ಬೆರಳು ಆಮೇಲೆ ಅಲುಗುವುದೇ ಇಲ್ಲ. ಹಲ್ಲು, ಸರಿಯಾದ ಹಲ್ಲು, ಟ್ರೇಗೆ ಬೀಳುತ್ತದೆ.

ಹೊರಗಿನ ಬೆಂಚಿನಲ್ಲಿ ಗಾರೆ ಕೆಲಸದವನು ಸಂಜೆಯವರೆಗೂ ತಡೆಯಲಾರದೆ ಬಂದು ಕೂತಿದ್ದಾನೆ. ಕಾಲು ಮಾತ್ರ ಗೇಟಿನ ಕಡೆಗೇ ತಿರುಗಿದೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದ ತಂಗಿ ಅವನ ಮುಂದೆ ನಿಲ್ಲುತ್ತಾಳೆ. "ಹೋಗಣ್ಣಾ ಒಳಗೆ. ನಿಲ್ಲಿಸು ಅಂದ್ರೆ ನಿಲ್ಲಿಸ್ತಾರೆ." ಅವನು ಎದ್ದು ಚಪ್ಪಲಿ ಬಿಡುತ್ತಾನೆ.

ಬಾಗಿಲಲ್ಲಿದ್ದ ಹಲ್ಲಕ್ಕ ಅವನಿಗೆ ದಾರಿ ಬಿಡುತ್ತಾರೆ. "ಇದೇ ಮಾತನ್ನ ಎಷ್ಟು ವರ್ಷದಿಂದ ಬೀದೀಲಿ ಸಾರ್ತಾ ಇದ್ದೀನಿ," ಎಂದು ಕೈ ಒರೆಸಿಕೊಳ್ಳುತ್ತಾರೆ. "ಅವಳ ಬಾಯಲ್ಲಿ ಬಂದ್ರೆ ಅದರ ತೂಕವೇ ಬೇರೆ."